ನಗೋದು ಕಲಿತರೆ ಅರ್ಧ ಇಂಗ್ಲಿಷ್ ಬಂದ್ಹಂಗ!

ಮೀಟಿಂಗ್ ನಡೀತಾ ಇರುತ್ತೆ. ಯಾರೋ ಒಬ್ಬರು ಇಂಗ್ಲಿಷಿನಲ್ಲಿ ಏನೋ ತಮಾಷೆ ಮಾಡ್ತಾರೆ. ಎಲ್ಲರೂ ನಗ್ತಾರೆ. ನೀವೂ ನಗ್ತೀರಿ, ಆದರೆ ಅರ್ಧ ಸೆಕೆಂಡ್ ತಡವಾಗಿ, ಪಕ್ಕದವರ ಮುಖ ನೋಡಿಕೊಂಡು. ಪದಗಳು ಗೊತ್ತಿರಲಿಲ್ಲ ಅಂತಲ್ಲ, ಎಲ್ಲ ಗೊತ್ತಿದ್ದವೇ. ಆದರೆ ಅದನ್ನು ಮನಸ್ಸಿನೊಳಗೆ ಕನ್ನಡಕ್ಕೆ ತಿರುಗಿಸಿ, "ಓ, ಇಲ್ಲಿ ನಗಬೇಕು" ಅಂತ ಹೊಳೆಯೋ ಹೊತ್ತಿಗೆ ಮಾತು ಮುಂದಿನ ಸ್ಲೈಡಿಗೆ ಹೋಗಿರುತ್ತೆ.

ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರು, ಪುಣೆ, ಹೈದರಾಬಾದ್ ಸೇರಿದ ಎಲ್ಲರಿಗೂ ಈ ಅರ್ಧ ಸೆಕೆಂಡ್ ಗೊತ್ತು. ಕೋಡ್ ಬರೀತೀವಿ, ಕ್ಲೈಂಟಿಗೆ ಮೇಲ್ ಹಾಕ್ತೀವಿ, ಡೆಮೊ ಕೊಡ್ತೀವಿ. ಇಂಗ್ಲಿಷಿನಲ್ಲಿ ದುಡಿಯೋದು ಬಂತು, ನಗೋದು ಮಾತ್ರ ಬರಲಿಲ್ಲ. ಯಾಕಂದ್ರೆ ನಮ್ಮ ಮನೆಗೆ ಇಂಗ್ಲಿಷ್ ಬಂದಿದ್ದೇ ಪರೀಕ್ಷೆಯ ಭಾಷೆಯಾಗಿ. ಆಮೇಲೆ ಇಂಟರ್‌ವ್ಯೂ ಭಾಷೆಯಾಯಿತು, ಅದಾದ ಮೇಲೆ ಅಪ್ರೈಸಲ್ ಭಾಷೆ. ಹೆದರಿಕೆಯ ಭಾಷೆಯಲ್ಲಿ ಯಾರಿಗಾದರೂ ನಗು ಬರುತ್ತಾ?

ನನ್ನೂರು ಅಂಕಲಗಿ. ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕು. ನಮ್ಮ ಕಡೆಯವರಿಗೆ ಅಡವಿಸಿದ್ಧೇಶ್ವರ ಮಠದಿಂದ ಊರಿನ ಗುರುತು. ಬೆಂಗಳೂರಿನವರಿಗೆ "ಗೋಕಾಕ ಹತ್ರ" ಅಂದರೆ ಸಾಕು, ಕರದಂಟು ನೆನಪಾಗಿ "ಮುಂದಿನ ಸಲ ತಗೊಂಬಾ" ಅಂತಾರೆ. ಊರಿನಿಂದ ಈಗ ಎಂಜಿನಿಯರಿಂಗ್ ಮುಗಿಸಿದ ಹುಡುಗರು ಫೋನ್ ಮಾಡ್ತಿರ್ತಾರೆ. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಅಣ್ಣಾ, ಇಂಗ್ಲಿಷ್ ಹೆಂಗ ಸುಧಾರಿಸ್ಕೋಬೇಕ್ರಿ?" ಸಾವಿರಾರು ರೂಪಾಯಿ ಕೊಟ್ಟು ಸ್ಪೀಕಿಂಗ್ ಕೋರ್ಸ್ ಸೇರಿದವರೂ ಅದನ್ನೇ ಕೇಳ್ತಾರೆ. ನಾನು ಕೊಡೋ ಉತ್ತರ ಅವರಿಗೆ ಸ್ವಲ್ಪ ವಿಚಿತ್ರ ಅನಿಸುತ್ತೆ: "ನೂರು ವರ್ಷದ ಹಿಂದಿನ ನಗೆಕಥಿ ಓದೋ ತಮ್ಮಾ."

ಹಳೇ ಪುಸ್ತಕದ ಅಂಗಡಿಯಲ್ಲಿ ನನಗೆ ಸಿಕ್ಕಿದ್ದ ಇಂಗ್ಲಿಷ್ ಹಾಸ್ಯಕಥೆಗಳ ಒಂದು ಸಂಕಲನದಿಂದ ಬಂದ ಉತ್ತರ ಇದು. ಜೆರೋಮ್, ಲೀಕಾಕ್, ಸಾಕಿ, ಓ. ಹೆನ್ರಿ. ಈ ನಾಲ್ಕು ಹೆಸರು ನೆನಪಿಟ್ಟುಕೊಳ್ಳಿ. ಒಬ್ಬೊಬ್ಬರನ್ನೇ ಪರಿಚಯ ಮಾಡಿಸ್ತೀನಿ.

ಗೂಗಲ್ ಇಲ್ಲದ ಕಾಲದ ಗೂಗಲ್ ಡಾಕ್ಟರ್

ರಾತ್ರಿ ಹನ್ನೊಂದಕ್ಕೆ ಸಣ್ಣಗೆ ತಲೆನೋವು. ಗೂಗಲ್ ಮಾಡ್ತೀರಿ. ಹನ್ನೊಂದೂವರೆಗೆ ಮೆದುಳಿನ ಗಡ್ಡೆಯವರೆಗೆ ಹೋಗಿ, ಹನ್ನೆರಡಕ್ಕೆ ಟರ್ಮ್ ಇನ್ಶೂರೆನ್ಸ್ ಕಡೆ ತಿರುಗಿರ್ತೀರಿ. ಹೌದಲ್ವಾ?

ಜೆರೋಮ್ ಕೆ. ಜೆರೋಮ್ ಇದನ್ನು 1889ರಲ್ಲೇ ಬರೆದಿದ್ದಾನೆ, 'ತ್ರೀ ಮೆನ್ ಇನ್ ಎ ಬೋಟ್' ಪುಸ್ತಕದಲ್ಲಿ. ಕಥೆ ಹೇಳುವವನು ಯಾವುದೋ ಸಣ್ಣ ಕಾಯಿಲೆ ಬಗ್ಗೆ ನೋಡೋಣ ಅಂತ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿ ವೈದ್ಯಕೀಯ ಪುಸ್ತಕ ತೆಗೀತಾನೆ. ಒಂದು ರೋಗದ ಲಕ್ಷಣ ಓದ್ತಾನೆ, ಅದು ತನಗಿದೆ ಅನಿಸುತ್ತೆ. ಮುಂದಿನದು ಓದ್ತಾನೆ, ಅದೂ ಇದೆ. ಆಮೇಲೆ ಶಿಸ್ತಾಗಿ ಅಕಾರಾದಿಯಿಂದ ಶುರು ಮಾಡಿ ಇಡೀ ಪುಸ್ತಕ ಮುಗಿಸ್ತಾನೆ. ಒಂದೇ ಒಂದು ಬಿಟ್ಟು ಎಲ್ಲ ರೋಗವೂ ತನಗಿದೆ ಅಂತ ಖಾತ್ರಿಯಾಗುತ್ತೆ. ಬಿಟ್ಟುಹೋದದ್ದು ಮನೆಗೆಲಸದವರಿಗೆ ಬರುವ ಮಂಡಿನೋವು. "ಅದೊಂದು ಯಾಕೆ ನನಗಿಲ್ಲ?" ಅಂತ ಅವನಿಗೆ ಬೇಜಾರು ಬೇರೆ! ಕೊನೆಗೆ ಡಾಕ್ಟರ ಹತ್ತಿರ ಹೋದರೆ ಅವರು ಚೀಟಿ ಬರೆದುಕೊಡ್ತಾರೆ. ಚೆನ್ನಾಗಿ ಊಟ ಮಾಡು, ದಿನಾ ನಡೆ, ಹೊತ್ತಿಗೆ ಸರಿಯಾಗಿ ಮಲಗು, ತಿಳಿಯದ ವಿಷಯ ತಲೆಗೆ ತುಂಬಿಕೊಳ್ಳಬೇಡ ಅನ್ನೋದು ಅದರ ಸಾರಾಂಶ.

ಆ ಪುಸ್ತಕ ಬಂದು 130 ವರ್ಷ ದಾಟಿದೆ. ಬದಲಾಗಿದ್ದು ಇಷ್ಟೇ: ಅವನು ಮ್ಯೂಸಿಯಮ್ಮಿಗೆ ನಡೆದು ಹೋಗಬೇಕಿತ್ತು, ನಮಗೆ ಹಾಸಿಗೆಯಲ್ಲೇ ಸಿಗುತ್ತೆ.

ಪಾಡ್ಜರ್ ಕಾಕಾ ಮತ್ತು ನಮ್ಮವ್ವ

ಅದೇ ಪುಸ್ತಕದಲ್ಲಿ ಪಾಡ್ಜರ್ ಅನ್ನೋ ಅಂಕಲ್ ಒಬ್ಬ ಬರ್ತಾನೆ. ಇಂಗ್ಲಿಷಿನಲ್ಲಿ ಓದಿದಾಗ ನನಗೆ ಸಾಧಾರಣ ನಗು ಬಂತು. ಒಂದು ಭಾನುವಾರ ಅದನ್ನೇ ಫೋನಿನಲ್ಲಿ ನಮ್ಮವ್ವನಿಗೆ ನಮ್ಮ ಮಾತಿನಲ್ಲಿ ಹೇಳಿದೆ. ಹೇಳಿದ್ದು ಹೆಚ್ಚುಕಡಿಮೆ ಹೀಗೆ:

"ಅವ್ವಾ, ಲಂಡನ್ನಾಗ ಪಾಡ್ಜರ್ ಕಾಕಾ ಅಂತ ಒಬ್ಬ ಇದ್ದ. ಮನ್ಯಾಗ ಒಂದು ಫೋಟೋಕ್ಕ ಕಟ್ಟ ಹಾಕಿಸಿ ತಂದಿದ್ರು, ಗ್ವಾಡಿಗಿ ಹಾಕಬೇಕಾಗಿತ್ತು. 'ಯಾರೂ ಕೈ ಹಚ್ಚಬ್ಯಾಡ್ರಿ, ನಾ ಒಬ್ಬನ ಮಾಡ್ತೇನಿ' ಅಂದ ಕಾಕಾ. ಕೋಟ ಕಳದ ಒಗದ. ಒಂದ ಹುಡುಗಿನ್ನ ಮಳಿ ತರಾಕ ಅಂಗಡಿಗಿ ಕಳಿಸಿದ. ಎಷ್ಟ ಉದ್ದನ್ನ ಮಳಿ ಅಂತ ಹೇಳಾಕ ಅಕಿ ಹಿಂದ ಇನ್ನೊಬ್ಬನ್ನ ಓಡಿಸಿದ. ಒಬ್ಬ ಸುತ್ತಿಗಿ ತಂದ, ಒಬ್ಬ ನಿಚ್ಚಣಕಿ ತಂದ, ಒಬ್ಬಾಕಿ ದೀಪಾ ಹಿಡಕೊಂಡ ನಿಂತ್ಳು. ಮನಿಮಂದಿ ಎಲ್ಲಾ ಕೆಲಸಕ್ಕ ನಿಂತ್ರು, ಕಾಕಾ ಮಾತ್ರ ಒಬ್ಬನ ಮಾಡಾಕತ್ತಿದ್ದ.

"ಫೋಟೋ ಎತ್ತಿದ, ಕೈ ಜಾರಿ ಬಿತ್ತು. ಗಾಜ ಹಿಡ್ಯಾಕ ಹೋಗಿ ಬಟ್ಟ ಕೊಯ್ಕೊಂಡ. 'ನನ್ನ ದಸ್ತಿ ಎಲ್ಲಿ?' ದಸ್ತಿ ಕೋಟಿನ ಕಿಸೇದಾಗ. 'ಕೋಟ ಎಲ್ಲಿ?' ಎಲ್ಲಾರೂ ಸುತ್ತಿಗಿ-ಪಟ್ಟಿ ಬಿಟ್ಟು ಕೋಟ ಹುಡಕಾಕ ನಿಂತ್ರು. 'ಇಷ್ಟ ಮಂದಿ ಇದ್ದೀರಿ, ಒಂದ ಕೋಟ ಸಿಗವಲ್ದು!' ಅಂತ ಬೈಕೋತ ಕಾಕಾ ಎದ್ದ ನಿಂತ. ನೋಡಿದ್ರ ಅದರ ಮ್ಯಾಲ ಕುಂತಿದ್ದ!"

ಇಲ್ಲಿಗೆ ಬರೋಷ್ಟರಲ್ಲಿ ಅವ್ವ ನಗು ತಡೀಲಾರದೆ, "ತಡಿಯೋ ತಮ್ಮಾ, ಸ್ಪೀಕರ್ ಹಾಕ್ತೇನಿ" ಅಂದ್ಳು. ಮುಂದಿನದನ್ನು ಸ್ಪೀಕರಿನಲ್ಲೇ ಹೇಳಿದೆ. ಹೊಸ ಗಾಜು ತಂದದ್ದು, ಮೊಳೆ ಕೈಯಿಂದ ಬಿದ್ದದ್ದು, ಗೋಡೆ ಮೇಲೆ ಹಾಕಿದ ಗುರುತು ಮಾಯವಾದದ್ದು, ಅಳತೆಯ ಲೆಕ್ಕ ಒಬ್ಬೊಬ್ಬರದು ಒಂದೊಂದು ಬಂದದ್ದು, ಸುತ್ತಿಗೆ ಹೆಬ್ಬೆರಳಿನ ಮೇಲೆ ಕೂತದ್ದು. ಮುಂದಿನ ಸಲ ಮೊಳೆ ಹೊಡೆಯೋ ದಿನ ಮೊದಲೇ ಹೇಳಿದರೆ ಒಂದು ವಾರ ತವರಿಗೆ ಹೋಗಿಬರ್ತೀನಿ ಅಂತ ಕಾಕು ಹೇಳಿದ್ದು. ನಡುರಾತ್ರಿ ಹೊತ್ತಿಗೆ ಫೋಟೋ ಸೊಟ್ಟಗೆ ಗೋಡೆ ಏರಿತು. ಸುತ್ತಲಿನ ಗೋಡೆಯೆಲ್ಲ ಕಿತ್ತುಹೋಗಿತ್ತು. ಮನೆಮಂದಿ ಸುಸ್ತಾಗಿ ಬಿದ್ದಿದ್ದರು. ಕಾಕಾ ಮಾತ್ರ ಹೆಮ್ಮೆಯಿಂದ, ಇಷ್ಟು ಸಣ್ಣ ಕೆಲಸಕ್ಕೆ ಜನ ಆಳು ಕರೆಸ್ತಾರಲ್ಲ ಅನ್ನೋ ಧಾಟಿಯಲ್ಲಿ ಮಾತಾಡ್ತಾನೆ.

ಅವ್ವ ಕಣ್ಣು ಒರೆಸಿಕೊಂಡು ಅಂದಿದ್ದು: "ಇಂವಾ ಲಂಡನ್ನಿನಾಂವ ಅಲ್ಲೋ, ಥೇಟ ನಿಮ್ಮಪ್ಪ!" ಹಿಂದಿನಿಂದ ಅಪ್ಪನ ದನಿ: "ಯಾರ ಸುದ್ದಿ ಮಾತಾಡಾಕತ್ತೀರಿ?"

ಕಥೆ ನನಗೆ ನಿಜವಾಗಿ ಅರ್ಥವಾಗಿದ್ದು ಆವತ್ತೇ. ಇಂಗ್ಲಿಷ್ ಕಥೆಯನ್ನು ಅಂಕಲಗಿ ಮಾತಿನಲ್ಲಿ ಹೇಳಬೇಕಾದರೆ ಪ್ರತಿ ವಾಕ್ಯದಲ್ಲೂ ನಗು ಎಲ್ಲಿ ಕೂತಿದೆ ಅಂತ ಹುಡುಕಲೇಬೇಕು. ಡಿಕ್ಷನರಿಯಲ್ಲಿ ಅದು ಸಿಗಲ್ಲ. ಹೇಳಿ ನಗಿಸಿದರೆ ಪಾಸು. ಅವ್ವನಿಗಿಂತ ಒಳ್ಳೆಯ ಎಕ್ಸಾಮಿನರ್ ಎಲ್ಲಿ ಸಿಗ್ತಾರೆ?

ಬ್ಯಾಂಕಿಗೆ ಹೆದರಿದ ಅರ್ಥಶಾಸ್ತ್ರದ ಪ್ರೊಫೆಸರ್

ಎರಡನೆಯವನು ಸ್ಟೀಫನ್ ಲೀಕಾಕ್. ಇಂಗ್ಲೆಂಡಿನಲ್ಲಿ 1869ರಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸ್ತಿದ್ದ. ದುಡ್ಡಿನ ವಿಷಯ ಪಾಠ ಮಾಡ್ತಿದ್ದ ಈ ಮನುಷ್ಯ ಬರೆದ ಪ್ರಸಿದ್ಧ ಕಥೆ, ಬ್ಯಾಂಕಿನೊಳಗೆ ಕಾಲಿಟ್ಟರೆ ಕೈಕಾಲು ನಡುಗುವ ಮನುಷ್ಯನದು. 'ಮೈ ಫೈನಾನ್ಶಿಯಲ್ ಕರಿಯರ್' ಅಂತ ಹೆಸರು, 1910ರ 'ಲಿಟರರಿ ಲ್ಯಾಪ್ಸಸ್' ಸಂಕಲನದಲ್ಲಿದೆ.

ಕಥಾನಾಯಕನ ಸಂಬಳ ತಿಂಗಳಿಗೆ ಐವತ್ತು ಡಾಲರಿಗೆ ಏರಿದೆ. ಈಗ ಬ್ಯಾಂಕ್ ಖಾತೆ ಬೇಕೇ ಬೇಕು ಅಂತ ಹೋಗ್ತಾನೆ. ಕೌಂಟರ್ ನೋಡಿದರೆ ಹೆದರಿಕೆ, ಗುಮಾಸ್ತರನ್ನು ನೋಡಿದರೆ ಹೆದರಿಕೆ. ಖಾತೆ ತೆಗೆಯೋಕೆ ಮ್ಯಾನೇಜರನ್ನೇ ಕೇಳಬೇಕು ಅಂದುಕೊಂಡು, "ಮ್ಯಾನೇಜರನ್ನು ನೋಡಬೇಕು, ಒಬ್ಬರನ್ನೇ" ಅಂದುಬಿಡ್ತಾನೆ. ಯಾಕೆ ಹಾಗಂದ ಅಂತ ಅವನಿಗೇ ಗೊತ್ತಿಲ್ಲ. ಇವನು ಪತ್ತೇದಾರ ಇರಬೇಕು ಅಂತ ಮ್ಯಾನೇಜರಿಗೆ ಗಾಬರಿ. ಅಲ್ಲ ಅಂತ ಗೊತ್ತಾದ ಮೇಲೆ, ಯಾರೋ ಭಾರೀ ಕೋಟ್ಯಧೀಶ ಅಂತ ಮರ್ಯಾದೆ. ಕೊನೆಗೆ ತಂದಿರೋದು 56 ಡಾಲರ್ ಅಂತ ಗೊತ್ತಾದಾಗ ಮುಖ ಗಂಟು. ಹೊರಗೆ ಬರುವಾಗ ಇವನು ಬಾಗಿಲು ಅಂದುಕೊಂಡು ನುಗ್ಗೋದು ತಿಜೋರಿಯೊಳಗೆ.

ಹೇಗೋ ಹಣ ಜಮಾ ಆಗುತ್ತೆ. ಖರ್ಚಿಗೆ ಆರು ಡಾಲರ್ ವಾಪಸ್ ಬೇಕು ಅಂತ ಚೆಕ್ ಬರೀತಾನೆ; ಗಾಬರಿಯಲ್ಲಿ ಆರರ ಬದಲು ಐವತ್ತಾರು ಬರೆದುಬಿಡ್ತಾನೆ. "ಎಲ್ಲಾ ತೆಗೀತೀರಾ?" ಅಂತ ಗುಮಾಸ್ತ ಬೆರಗಾದರೆ, ತಪ್ಪು ಒಪ್ಪಿಕೊಳ್ಳೋ ಧೈರ್ಯ ಇಲ್ಲ, "ಹೌದು, ಎಲ್ಲಾ" ಅಂತ ಬಿಗುಮಾನ. ಹಣ ಹಿಡಿದು ಹೊರಗೆ ಬಿದ್ದಾಗ ಹಿಂದಿನಿಂದ ಇಡೀ ಬ್ಯಾಂಕು ನಕ್ಕ ಸದ್ದು ಕೇಳುತ್ತೆ. ಅಂದಿನಿಂದ ಅವನ ಉಳಿತಾಯ ಖಾತೆ ಒಂದು ಕಾಲುಚೀಲ.

ನಮ್ಮ ಅಪ್ಪಂದಿರು ಚಲನ್ ತುಂಬಿಸಿಕೊಳ್ಳೋಕೆ "ಸ್ವಲ್ಪ ಬರದ ಕೊಡ್ರಿ ಸರ್ರ" ಅಂತ ಬ್ಯಾಂಕಿನ ಮೂಲೆಯಲ್ಲಿ ನಿಂತದ್ದು ನೋಡಿದವರಿಗೆ ಈ ಕಥೆ ದೂರದ್ದಲ್ಲ. ನಾವೇ ಮೊದಲ ಸಲ ವೀಸಾ ಇಂಟರ್‌ವ್ಯೂಗೋ, ದೊಡ್ಡ ಹೋಟೆಲಿನ ರಿಸೆಪ್ಶನ್ನಿಗೋ ಹೋಗಿ, ಕೇಳಬೇಕಾದ್ದು ಬಿಟ್ಟು ಇನ್ನೇನೋ ಹೇಳಿ ಬಂದಿರ್ತೀವಿ. ಹೆದರಿದ ಬಾಯಿ ತಾನಾಗೇ ಏನೇನೋ ಮಾತಾಡುತ್ತೆ. ಅದು ಕನ್ನಡ ಮಾಧ್ಯಮದ ಕಾಯಿಲೆ ಅಲ್ಲ. ಇಂಗ್ಲಿಷನ್ನೇ ಮಾತಾಡಿಕೊಂಡು ಬೆಳೆದವನ ಕಥೆಯಲ್ಲೂ ಅದೇ ಹೆದರಿಕೆ ಇದೆ. ಇದು ಗೊತ್ತಾದ ದಿನ ಎದೆ ಮೇಲಿನ ಭಾರ ಸ್ವಲ್ಪ ಇಳಿಯುತ್ತೆ.

ಮೆಡಲ್ ಸದ್ದಿಗೆ ಬಂದ ತೋಳ

ಮೂರನೆಯವನು ಸಾಕಿ. ನಿಜವಾದ ಹೆಸರು ಹೆಕ್ಟರ್ ಹ್ಯೂ ಮನ್ರೋ. ಹುಟ್ಟಿದ್ದು 1870ರಲ್ಲಿ, ಬರ್ಮಾದ ಅಕ್ಯಾಬ್‌ನಲ್ಲಿ. ಅಪ್ಪ ಅಲ್ಲಿ ಪೊಲೀಸ್ ಅಧಿಕಾರಿ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡು, ಇಂಗ್ಲೆಂಡಿನಲ್ಲಿ ಕಟ್ಟುನಿಟ್ಟಿನ ಸೋದರತ್ತೆಯರ ಕೈಯಲ್ಲಿ ಬೆಳೆದ. ಆ ಸೇಡನ್ನು ಕಥೆಗಳಲ್ಲಿ ತೀರಿಸಿಕೊಂಡ ಅನಿಸುತ್ತೆ, ಅಷ್ಟು ಅತ್ತೆಯರು ಅವನಲ್ಲಿ ಪೇಚಿಗೆ ಸಿಗ್ತಾರೆ.

ಅವನ 'ದಿ ಸ್ಟೋರಿ ಟೆಲ್ಲರ್' ಕಥೆ ನಡೆಯೋದು ರೈಲಿನಲ್ಲಿ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಮಕ್ಕಳಿರೋ ಸಂಸಾರದ ಎದುರು ಸೀಟು ಸಿಕ್ಕವರಿಗೆ ಚೆನ್ನಾಗಿ ಅರ್ಥವಾಗುತ್ತೆ. ಮೂರು ತುಂಟ ಮಕ್ಕಳು, ಒಬ್ಬ ಅತ್ತೆ, ಎದುರಿಗೆ ಒಬ್ಬ ಅಪರಿಚಿತ ಬ್ರಹ್ಮಚಾರಿ. ಒಳ್ಳೆಯ ಹುಡುಗಿಗೆ ಒಳ್ಳೆಯದೇ ಆಯಿತು ಅಂತ ಅತ್ತೆ ನೀತಿಕಥೆ ಹೇಳಿದರೆ ಮಕ್ಕಳಿಗೆ ಆಕಳಿಕೆ. ಆಗ ಬ್ರಹ್ಮಚಾರಿ ಶುರುಮಾಡ್ತಾನೆ: ಬರ್ತಾ ಅಂತ ಒಬ್ಬಳು ಹುಡುಗಿ, ವಿಪರೀತ ಒಳ್ಳೆಯವಳು, ಭಯಂಕರ ಒಳ್ಳೆಯವಳು! ವಿಧೇಯತೆಗೆ ಒಂದು, ಸಮಯಪಾಲನೆಗೆ ಒಂದು, ಸನ್ನಡತೆಗೆ ಒಂದು ಅಂತ ಮೂರು ಮೆಡಲ್ ಅವಳ ಎದೆ ಮೇಲೆ. ಆ ಒಳ್ಳೆಯತನಕ್ಕೇ ಬಹುಮಾನವಾಗಿ ರಾಜಕುಮಾರನ ತೋಟದಲ್ಲಿ ಓಡಾಡೋ ಅವಕಾಶ ಸಿಗುತ್ತೆ. ಅಲ್ಲಿಗೆ ತೋಳ ಬರುತ್ತೆ. ಅವಳು ಪೊದೆಯಲ್ಲಿ ಅಡಗಿಕೊಳ್ತಾಳೆ, ತೋಳಕ್ಕೆ ಕಾಣಲ್ಲ. ಇನ್ನೇನು ಹೊರಟೇಹೋಗ್ತಿತ್ತು, ಅಷ್ಟರಲ್ಲಿ ಅವಳು ಹೆದರಿ ನಡುಗಿದ್ದಕ್ಕೆ ಮೂರು ಮೆಡಲ್ ಒಂದಕ್ಕೊಂದು ತಾಗಿ ಟಿಣ್ ಟಿಣ್ ಅಂತವೆ. ಮುಗೀತು ಕಥೆ. ಮಕ್ಕಳಿಗೆ ಭಾರೀ ಖುಷಿ, ಅತ್ತೆಗೆ ಸಿಟ್ಟು.

ಡಿಸ್ಟಿಂಕ್ಷನ್, ರ‍್ಯಾಂಕು, ಕ್ಯಾಂಪಸ್ ಪ್ಲೇಸ್‌ಮೆಂಟು, 'ಎಂಪ್ಲಾಯಿ ಆಫ್ ದಿ ಮಂತ್' ಅಂತ ಒಂದಾದ ಮೇಲೊಂದು ಮೆಡಲ್ ಕಟ್ಟಿಕೊಂಡು ಬಂದ ನಮ್ಮ ಪೀಳಿಗೆಗೆ ಇದು ನಗೆಕಥೆಯೂ ಹೌದು, ಸಣ್ಣ ಎಚ್ಚರಿಕೆಯೂ ಹೌದು. ರಾತ್ರಿ ಹತ್ತಕ್ಕೆ ಬಂದ ಮೆಸೇಜಿಗೆ ಎಲ್ಲರಿಗಿಂತ ಮೊದಲು "ಎಸ್, ವಿಲ್ ಡು" ಅಂತ ಉತ್ತರಿಸೋ ಗೆಳೆಯರಿಗೆ ಈ ಕಥೆ ಕಳಿಸಿ ನೋಡಿ.

ಅಪಹರಣ ಮಾಡಿ ಕೆಟ್ಟವರು

ಓ. ಹೆನ್ರಿ ಗೊತ್ತಿರಬಹುದು. ಗಂಡನ ಗಡಿಯಾರ, ಹೆಂಡತಿಯ ಕೂದಲಿನ ಕಥೆ ನಮ್ಮಲ್ಲಿ ಅನೇಕರು ಶಾಲೆ-ಕಾಲೇಜಿನ ಪಾಠವಾಗಿ ಓದಿದ್ದೇವೆ. ಆದರೆ ಅವನ 'ದಿ ರ‍್ಯಾನ್ಸಮ್ ಆಫ್ ರೆಡ್ ಚೀಫ್' ಓದಿದವರು ಕಡಿಮೆ. 1907ರ ಕಥೆ. ಇಬ್ಬರು ಚಿಲ್ಲರೆ ಕಳ್ಳರು ಸಾಹುಕಾರನ ಮಗನನ್ನು ಎತ್ತಿಕೊಂಡು ಹೋಗಿ ಗುಹೆಯಲ್ಲಿ ಇಡ್ತಾರೆ. ಹುಡುಗನಿಗೆ ಮನೆ ನೆನಪೇ ಇಲ್ಲ, ಇಷ್ಟು ಮಜಾ ಯಾವತ್ತೂ ಸಿಕ್ಕಿರಲಿಲ್ಲ ಅವನಿಗೆ! ಒಬ್ಬ ಕಳ್ಳನನ್ನು ಕುದುರೆ ಮಾಡಿಕೊಂಡು ಸವಾರಿ ಮಾಡ್ತಾನೆ, ಬೆನ್ನಿಗೆ ಬಿಸಿ ಆಲೂಗಡ್ಡೆ ಹಾಕ್ತಾನೆ, ಬೆಳಗಿನ ಜಾವ ತಲೆಚರ್ಮ ಸುಲಿಯೋಕೆ ಚಾಕು ಹಿಡಿದು ಬರ್ತಾನೆ. ಕಳ್ಳರು 1500 ಡಾಲರ್ ಕೇಳಿ ಪತ್ರ ಬರೆದರೆ, ಅಪ್ಪನಿಂದ ಶಾಂತವಾದ ಉತ್ತರ: ನೀವೇ 250 ಡಾಲರ್ ಕೊಟ್ಟರೆ ಹುಡುಗನನ್ನು ವಾಪಸ್ ತಗೊಳ್ತೀನಿ. ಕಳ್ಳರು ಕೊಡ್ತಾರೆ!

ಬೇಸಿಗೆ ರಜೆಗೆ ಮಕ್ಕಳನ್ನು ಅಜ್ಜನ ಮನೆಗೆ ಕಳಿಸಿದವರಿಗೆ ಅಜ್ಜ-ಅಜ್ಜಿಯ ಕಷ್ಟ ಈ ಕಥೆಯಲ್ಲಿ ಕಾಣಿಸೀತು.

'ಹ'ಕಾರ ಹಾರಿಸಿದವನ ಗೆಲುವು

ಇಂಗ್ಲಿಷ್ ಅಂದರೆ ಸೂಟು-ಬೂಟಿನ ಯಜಮಾನರ ಭಾಷೆ ಅಂತ ನಮ್ಮ ಮನಸ್ಸಿನಲ್ಲಿ ಕೂತಿದೆಯಲ್ಲ, ಈ ಬರಹಗಾರರ ಬದುಕು ನೋಡಿ. ಓ. ಹೆನ್ರಿ ಕೆಲಸ ಮಾಡಿದ ಬ್ಯಾಂಕಿನ ಹಣದ ಪ್ರಕರಣದಲ್ಲಿ ಶಿಕ್ಷೆಯಾಗಿ, 1898ರಿಂದ ಮೂರು ವರ್ಷ ಅಮೆರಿಕದ ಒಹಾಯೊ ಜೈಲಿನಲ್ಲಿದ್ದ. ಹೊರಗೆ ಬಂದ ಮೇಲೆ ವಿಲಿಯಂ ಸಿಡ್ನಿ ಪೋರ್ಟರ್ ಅನ್ನೋ ಹುಟ್ಟು ಹೆಸರು ಹಿಂದೆ ಸರಿದು ಓ. ಹೆನ್ರಿ ಅನ್ನೋದೇ ಉಳಿಯಿತು. ಸಾಕಿ 40 ದಾಟಿದ ಮೇಲೂ ಸಾಮಾನ್ಯ ಸೈನಿಕನಾಗಿ ಮೊದಲ ಮಹಾಯುದ್ಧಕ್ಕೆ ಸೇರಿ 1916ರಲ್ಲಿ ಫ್ರಾನ್ಸಿನಲ್ಲಿ ಗುಂಡಿಗೆ ಬಲಿಯಾದ.

ಜೆರೋಮ್ ಕಥೆ ನಮಗೆ ಇನ್ನೂ ಹತ್ತಿರ. ಅಪ್ಪ-ಅವ್ವ ಬೇಗ ಹೋದರು. 14ನೇ ವಯಸ್ಸಿಗೆ ಶಾಲೆ ಬಿಟ್ಟು ರೈಲ್ವೆ ಕಚೇರಿ ಸೇರಿದ. ಕಚೇರಿ ಗುಮಾಸ್ತರು ಮಾತಾಡೋ ಸರಳ ಲಂಡನ್ ಮಾತಿನಲ್ಲೇ ಅವನು ಪುಸ್ತಕ ಬರೆದ. ದೊಡ್ಡ ವಿಮರ್ಶಕರು ಮೂಗು ಮುರಿದರು. ಲಂಡನ್ನಿನ ಬಡಜನ ಮಾತಿನಲ್ಲಿ 'ಹ' ಹಾರಿಸ್ತಾರೆ, 'ಹ್ಯಾರಿ' ಅನ್ನೋದು ಅವರ ಬಾಯಲ್ಲಿ 'ಆರಿ'. 'ಪಂಚ್' ಪತ್ರಿಕೆ ಜೆರೋಮ್‌ಗೆ "ಆರಿ ಕೆ. ಆರಿ" ಅಂತ ಅಡ್ಡಹೆಸರಿಟ್ಟು ಗೇಲಿ ಮಾಡಿತು. ನಮ್ಮಲ್ಲಿ ಹಾಲಿಗೆ 'ಆಲು' ಅನ್ನೋರನ್ನು ನೋಡಿ ನಗ್ತಾರಲ್ಲ, ಅದೇ ನಗು. ಗೇಲಿ ಮಾಡಿದವರ ಹೆಸರು ಇವತ್ತು ಯಾರಿಗೂ ನೆನಪಿಲ್ಲ. ಆರಿಯ ಪುಸ್ತಕ ಇವತ್ತಿಗೂ ಅಚ್ಚಾಗ್ತಾನೇ ಇದೆ.

ಉತ್ತರ ಕರ್ನಾಟಕದ ನಮಗೆ ಈ ಗೇಲಿ ಹೊಸದಲ್ಲ. ಸಿನಿಮಾದಲ್ಲಿ ನಮ್ಮ ಮಾತು ಬಂದರೆ ಅದು ಕಾಮಿಡಿ ಪಾತ್ರದ ಬಾಯಲ್ಲೇ. ಆಫೀಸಿನ ಪ್ಯಾಂಟ್ರಿಯಲ್ಲಿ "ಇನ್ನೊಂದ್ಸಲ 'ಯಾಕೋ ಲೇ' ಅನ್ನು ಗುರು" ಅಂತ ಕೇಳೋರು ಇದ್ದೇ ಇರ್ತಾರೆ. ಹಾಗಾಗಿ ನಮ್ಮ ಹುಡುಗರು ಎರಡು ಕಡೆ ಬಾಯಿ ಮುಚ್ಚಿಕೊಳ್ತಾರೆ: ಇಂಗ್ಲಿಷ್ ತಪ್ಪಾದೀತು ಅಂತ ಒಮ್ಮೆ, ಕನ್ನಡ 'ಹಳ್ಳಿ' ಅನಿಸೀತು ಅಂತ ಇನ್ನೊಮ್ಮೆ. ಎರಡೂ ಭಾಷೆ ಗೊತ್ತಿದ್ದವರು ಎರಡರಲ್ಲೂ ಮೂಕರಾಗೋದು ಎಂಥ ನಷ್ಟ ನೋಡಿ. ನಮ್ಮ ಮಾತಿನ ಮೇಲೆ ಬೇರೆಯವರು ನಗೋದು ಬೇರೆ, ನಮ್ಮ ಮಾತಿನಲ್ಲಿ ನಾವೇ ನಗಿಸೋದು ಬೇರೆ. ಜೆರೋಮ್ ಮಾಡಿದ್ದು ಎರಡನೆಯದು.

ನಮ್ಮ ಮಣ್ಣಿನ ನಗು

ನಗಿಸೋ ಕಲೆ ನಮಗೆ ಇಂಗ್ಲಿಷಿನಿಂದ ಬರಬೇಕಾಗಿಲ್ಲ. ಈಗ ಮೂಡಲಗಿ ತಾಲೂಕಿಗೆ ಸೇರಿದ ಕುಲಗೋಡದ ತಮ್ಮಣ್ಣನ ಹೆಸರಿನೊಂದಿಗೆ ಬೆಳೆದ 'ಶ್ರೀಕೃಷ್ಣ ಪಾರಿಜಾತ' ಆಟ ನೋಡಿದವರಿಗೆ ಗೊತ್ತು. ಸತ್ಯಭಾಮೆಯ ಸೊಕ್ಕು ಇಳಿಯೋದು ಅದರ ಕಥೆ. ಹಾಡಿನ ನಡುವೆ ಭಾಗವತ, ದೂತಿಯರ ಮಾತಿನ ಚಕಮಕಿ ನಡೆದರೆ ನಿದ್ದೆಗಣ್ಣಿನ ಜನ ಎದ್ದು ಕೂಡ್ತಾರೆ. ದೇವರ ಹೆಂಡತಿಯ ಜಂಬ ಇರಲಿ, ಲಂಡನ್ನಿನ ಪಾಡ್ಜರ್ ಕಾಕಾನ ಜಂಬ ಇರಲಿ, ಅದು ಇಳಿಯುವಾಗ ಬರೋ ನಗು ಒಂದೇ ಜಾತಿಯದು. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಇದೇ ಸೀಮೆಯ ಮಾತಿನಲ್ಲಿ ಹಾಡು, ನಾಟಕ ಬರೆದು 2010ನೇ ಸಾಲಿನ ಜ್ಞಾನಪೀಠ ಪಡೆದರು.

ಇಂಗ್ಲಿಷ್ ಹಾಸ್ಯವನ್ನು ಓದಿ ಅರಗಿಸಿಕೊಂಡು ಕನ್ನಡದ್ದೇ ಮಾಡಿದವರೂ ಇದ್ದಾರೆ. ರಾಶಿ ಅಂತ ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ 'ಕೊರವಂಜಿ' ಶುರುಮಾಡಿ 25 ವರ್ಷ ನಡೆಸಿದರು. ಬೆಳಿಗ್ಗೆ ರೋಗಿಗಳನ್ನು ನೋಡೋ ಡಾಕ್ಟರು, ಉಳಿದ ಹೊತ್ತು ನಗುವಿನ ಡಾಕ್ಟರು. ಆರ್.ಕೆ. ಲಕ್ಷ್ಮಣ್ ಹೆಸರುವಾಸಿಯಾಗೋ ಮೊದಲು ಅದಕ್ಕೆ ಚಿತ್ರ ಬರೀತಿದ್ದರು. ಹುಬ್ಬಳ್ಳಿಯ 'ಕಸ್ತೂರಿ'ಯನ್ನು ಕಟ್ಟಿದ ಪಾ.ವೆಂ. ಆಚಾರ್ಯರು ಲಾಂಗೂಲಾಚಾರ್ಯ ಅಂತ ಬಾಲ ಕಟ್ಟಿಕೊಂಡು ಹರಟೆ ಬರೆದರು.

ಬೀಚಿ ಅವರದಂತೂ ನಮ್ಮಂಥವರಿಗೇ ಹೇಳಿ ಮಾಡಿಸಿದ ಕಥೆ. ಹರಪನಹಳ್ಳಿಯಲ್ಲಿ ಹುಟ್ಟಿದ ಭೀಮಸೇನರಾಯರು ಮೊದಲು ಕನ್ನಡ ಪುಸ್ತಕ ಅಂದರೆ ತಾತ್ಸಾರ ಮಾಡ್ತಿದ್ದವರು. ಅ.ನ.ಕೃ. ಅವರ 'ಸಂಧ್ಯಾರಾಗ' ಓದಿದ ಮೇಲೆ ಕನ್ನಡಕ್ಕೆ ತಿರುಗಿದರು. ಸಹಿಯಲ್ಲಿ 'ಬೀ' ಕನ್ನಡ ಅಕ್ಷರ, 'ಚಿ' ಇಂಗ್ಲಿಷ್ ಅಕ್ಷರ! ಎರಡು ಭಾಷೆಯ ನಡುವಿನ ಮನುಷ್ಯನ ಗುರುತು ಇದಕ್ಕಿಂತ ಚೆನ್ನಾಗಿ ಹೇಗೆ ಬರೆಯೋದು? ಅವರ ಆತ್ಮಕಥೆಯ ಹೆಸರು 'ನನ್ನ ಭಯಾಗ್ರಫಿ'. ನಮ್ಮ ಇಂಗ್ಲಿಷಿನ ಕಥೆಗೂ ಅದೇ ಹೆಸರು ಒಪ್ಪುತ್ತೆ.

ಇನ್ನು ಮೈಸೂರಿನ ಆರ್.ಕೆ. ನಾರಾಯಣ್. ಇಂಗ್ಲಿಷಿನಲ್ಲೇ ನಗೆ ಬರೆದು ಲೋಕಪ್ರಸಿದ್ಧರಾದ ಇವರು ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿದ್ದು ಇಂಗ್ಲಿಷಿನಲ್ಲೇ. ಅವರ ಮಾಲ್ಗುಡಿಯ ಜನ ಇಂಗ್ಲಿಷ್ ಮಾತಾಡಿದರೂ ಯೋಚಿಸೋದು ನಮ್ಮ ಹಾಗೆ. 1980ರ ದಶಕದಲ್ಲಿ ಶಂಕರ್‌ನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಚಿತ್ರಿಸಿದಾಗ, ಅದು ಬೇರೆ ಭಾಷೆಯಿಂದ ಬಂದ ಕಥೆ ಅಂತ ಯಾರಿಗೂ ಅನಿಸಲಿಲ್ಲ.

ಹೆಂಗ ಶುರು ಮಾಡೋದು?

ದುಡ್ಡು ಬೇಕಾಗಿಲ್ಲ. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡು 60 ವರ್ಷ ಆದ ಮೇಲೆ ಕೃತಿಯ ಹಕ್ಕುಸ್ವಾಮ್ಯ ಮುಗಿಯುತ್ತೆ. ಮೇಲಿನ ನಾಲ್ವರೂ ಆ ಗಡಿ ದಾಟಿದವರು. ಕೊನೆಗೆ ತೀರಿಕೊಂಡ ಲೀಕಾಕ್ ಹೋಗಿದ್ದೇ 1944ರಲ್ಲಿ. ಓದಬಹುದು, ಹಂಚಬಹುದು, ಕನ್ನಡಕ್ಕೂ ತರಬಹುದು. 1971ರಲ್ಲಿ ಶುರುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಸ್ತಕಗಳು ಉಚಿತವಾಗಿ ಸಿಗ್ತವೆ. ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರು ಓದಿದ ಧ್ವನಿ ಇದೆ. ಪಿ.ಜಿ. ವುಡ್‌ಹೌಸ್ ಮಾತ್ರ 1975ರಲ್ಲಿ ತೀರಿಕೊಂಡವನು, ಅವನ ಹಕ್ಕು ಇಲ್ಲಿ 2035ರ ಕೊನೆಯವರೆಗೆ ಇರುತ್ತೆ. ಅವನನ್ನು ಕೊಂಡು ಓದಿ.

ಮೊದಲು ಲೀಕಾಕ್ ಬ್ಯಾಂಕ್ ಕಥೆ ಓದಿ. ಕೆಲವೇ ಪುಟ, ಸಣ್ಣ ಸಣ್ಣ ವಾಕ್ಯ, ಮೆಟ್ರೊದಲ್ಲಿ ಮುಗಿಯುತ್ತೆ. ಆಮೇಲೆ ಪಾಡ್ಜರ್. ಸಾಕಿ ಕೊನೆಗೆ ಇರಲಿ, ಅವನ ವಾಕ್ಯ ಸ್ವಲ್ಪ ಉದ್ದ, ನಗು ಬಾಲದಲ್ಲಿರುತ್ತೆ. ಗೊತ್ತಿಲ್ಲದ ಪ್ರತಿ ಪದಕ್ಕೂ ಡಿಕ್ಷನರಿ ತೆಗೀಬೇಡಿ. ಊರಲ್ಲಿ ಆಟ ನೋಡುವಾಗ ಪ್ರತಿ ಹಾಡಿನ ಅರ್ಥ ಯಾರು ಕೇಳ್ತಾರೆ? ಎರಡನೇ ಸಲ ಧ್ವನಿ ಕೇಳ್ತಾ ಓದಿ. ನಗು ಪದದಲ್ಲಿ ಮಾತ್ರ ಇರಲ್ಲ, ಎಲ್ಲಿ ನಿಲ್ಲಿಸ್ತಾರೆ ಅನ್ನೋದರಲ್ಲೂ ಇರುತ್ತೆ. ಅದು ಕಿವಿಗೆ ಬಿದ್ದರೆ ಆಫೀಸಿನ ಅರ್ಧ ಸೆಕೆಂಡ್ ನಿಧಾನಕ್ಕೆ ಕಡಿಮೆಯಾಗುತ್ತೆ. ಕೊನೆಗೆ ಅದನ್ನು ಯಾರಿಗಾದರೂ ನಿಮ್ಮೂರ ಮಾತಿನಲ್ಲಿ ಹೇಳಿ. ಇದೊಂದು ಹೆಜ್ಜೆ ಮಾತ್ರ ಬಿಡಬೇಡಿ.

ಎರಡು ಮಾತು ಮುಚ್ಚಿಡದೆ ಹೇಳಬೇಕು. ಕಥೆ ಓದಿದ್ದರಿಂದ ಗ್ರಾಮರ್ ತಾನಾಗೇ ಸರಿಹೋಗಲ್ಲ, ಅದಕ್ಕೆ ಬೇರೆ ಅಭ್ಯಾಸ ಬೇಕೇ ಬೇಕು. ಆದರೆ ಹೆದರಿಕೆ ಹೋಗದೆ ಅಭ್ಯಾಸ ಮಾಡೋಕೂ ಆಗಲ್ಲ. ಇನ್ನೊಂದು, ಇವು ಹಳೇ ಕಾಲದ ಪುಸ್ತಕಗಳು. ಅಮೆರಿಕದ ಮೂಲನಿವಾಸಿಗಳು, ಮನೆಗೆಲಸದವರು, ಹೆಂಗಸರ ಮೇಲಿನ ಕೆಲವು ತಮಾಷೆ ಇವತ್ತು ನಗು ತರಿಸಲ್ಲ, ತರಿಸಬಾರದು ಕೂಡ. ತಮ್ಮ ಮೇಲೇ ನಕ್ಕ ಪುಟಗಳು ಮಾತ್ರ ಹಳಸಿಲ್ಲ. ರೋಗದ ಪುಸ್ತಕ ಓದಿದವ, ಬ್ಯಾಂಕಿಗೆ ಹೆದರಿದವ, ಕೋಟಿನ ಮೇಲೆ ಕೂತವ ಈಗಲೂ ನಮ್ಮನ್ನು ನಗಿಸ್ತಾರೆ.

ಇವತ್ತು ರಾತ್ರಿ ರೀಲ್ಸ್ ನೋಡೋ ಮೊದಲು ಹತ್ತು ನಿಮಿಷ ಒಂದು ಕಥೆಗೆ ಕೊಡಿ. ನಾಳೆ ಮನೆಗೆ ಫೋನ್ ಮಾಡಿದಾಗ "ಊಟ ಆತೇನ?" ಅಂತ ಕೇಳಿದ ಮೇಲೆ ಇನ್ನೇನು ಮಾತಾಡೋದು ಅಂತ ಯೋಚಿಸಬೇಕಾಗಿಲ್ಲ, ಪಾಡ್ಜರ್ ಕಾಕಾನ್ನ ಕರೀರಿ. ಅಂದ ಹಾಗೆ, ನಿಮ್ಮ ಮನೆಯ ಪಾಡ್ಜರ್ ಕಾಕಾ ಯಾರು? ಓದುಗರ ಅಂಕಣಕ್ಕೆ ಬರೆದು ಕಳಿಸ್ರಿ, ನಿಮ್ಮೂರ ಮಾತಿನ್ಯಾಗ!